ಎಡಗೈಯ ಲಿವರ್

ಆ ಹೆಲಿಕಾಪ್ಟರ್ ನೆಲೆಯಲ್ಲಿ ಅವರನ್ನು ನಿಜವಾದ ಹೆಸರಿನಿಂದ ಕರೆಯುತ್ತಿದ್ದವರು ಸಂಬಳದ ವಿಭಾಗದವರು ಮಾತ್ರ. ಉಳಿದವರಿಗೆಲ್ಲ ಅವರು ಹತ್ತಿ ಸಾರ್. ನಡುಸಮುದ್ರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತ ತೈಲದ ರಿಗ್‌ಗಳಿಗೆ ಕೆಲಸಗಾರರನ್ನು ಮುಟ್ಟಿಸುವುದು, ಪಾಳಿ ಮುಗಿಸಿದವರನ್ನು ದಡಕ್ಕೆ ತರುವುದು ಅವರ ಕೆಲಸ. ಗಾಳಿ ಹೇಗೇ ಬೀಸಲಿ, ಹೆಲಿಕಾಪ್ಟರನ್ನು ರಿಗ್ಗಿನ ಮೇಲೆ ಹತ್ತಿಯ ಮೂಟೆ ಇಟ್ಟಂತೆ ಇಳಿಸುತ್ತಾರೆ ಎಂದು ಯಾರೋ ವೆಲ್ಡರ್ ಹೇಳಿದ್ದು ಹೆಸರಾಗಿ ಅಂಟಿಕೊಂಡಿತ್ತು. ಸಮುದ್ರ ರೇಗಿದ ದಿನ ಕೆಲಸಗಾರರು ಲೈಫ್ ಜಾಕೆಟ್ ಹಾಕಿಕೊಳ್ಳುತ್ತಲೇ ಕೇಳುತ್ತಿದ್ದರು: "ಇವತ್ತು ಹತ್ತಿ ಸಾರಾ?" ಹೌದೆಂದರೆ ಅರ್ಧ ಭಯ ಹೋದಂತೆ.

ಅವರ ತಂದೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಮಗ ಚಿಕ್ಕವನಿದ್ದಾಗ ಕ್ರೇನಿನ ಗೂಡಿಗೆ ಹತ್ತಿಸಿಕೊಂಡು, ಲಿವರಿನ ಮೇಲೆ ಅವನ ಕೈ ಇರಿಸಿ, ಮೇಲೆ ತಮ್ಮ ಕೈ ಇಟ್ಟು, "ಭಾರ ಎಲ್ಲಿ ಹಿಡಿಯುತ್ತೆ ಗೊತ್ತಾಯ್ತಾ?" ಎನ್ನುತ್ತಿದ್ದರು. ಗೊತ್ತಾಗುತ್ತಿತ್ತು. ಮುಂದೆ ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ಹೆಲಿಕಾಪ್ಟರಿನಲ್ಲಿ ಹಾರಾಟ ಕಲಿತಾಗಲೂ, ಆಮೇಲೆ ಸಮುದ್ರದ ಕೆಲಸಕ್ಕೆ ಸೇರಿದಾಗಲೂ ಅವರು ನಂಬಿದ್ದು ಕೈಗಳನ್ನೇ. ಎದುರಿನ ಫಲಕದಲ್ಲಿ ವೇಗ, ಎತ್ತರ ತೋರಿಸುವ ಮುಳ್ಳುಗಳೆಲ್ಲ ಕೈ ಹೇಳಿದ್ದನ್ನು ಖಾತ್ರಿ ಮಾಡುವುದಕ್ಕೆ ಇರುವಂಥವು ಎಂಬುದು ಅವರ ಎಣಿಕೆಯಾಗಿತ್ತು.

ಹೆಲಿಕಾಪ್ಟರಿನಲ್ಲಿ ಪೈಲಟ್‌ನ ಬಲಗೈಗೆ ಒಂದು ಕೋಲು, ಎಡಗೈಗೆ ಒಂದು ಲಿವರ್. ಕೋಲು ಯಂತ್ರದ ಮೂತಿಯನ್ನು ಬಾಗಿಸುತ್ತದೆ, ಎತ್ತುತ್ತದೆ, ಓರೆ ಮಾಡುತ್ತದೆ. ಎಡಗೈಯ ಲಿವರ್ ಎತ್ತಿದರೆ ಎಂಜಿನ್ ಹೆಚ್ಚು ದುಡಿದು ಯಂತ್ರಕ್ಕೆ ಬಲ ಬರುತ್ತದೆ. ಅವರು ವರ್ಷಗಟ್ಟಲೆ ಹಾರಿಸಿದ ಹಳೆಯ ಹೆಲಿಕಾಪ್ಟರಿನಲ್ಲೂ ಆಟೋಪೈಲಟ್ ಇತ್ತು. ಆದರೆ ಅದು ಬಲಗೈಯ ಕೆಲಸವನ್ನಷ್ಟೇ ಮಾಡುತ್ತಿತ್ತು. ಇದೇ ಎತ್ತರ ಕಾಪಾಡು ಎಂದು ಗುಂಡಿ ಒತ್ತಿದರೆ ಮೂತಿಯನ್ನು ಏರಿಸಿ ಇಳಿಸಿ ಎತ್ತರ ಕಾಯುವುದು. ಬಲ ಎಷ್ಟು ಬೇಕೆಂದು ನೋಡಿಕೊಂಡು ಲಿವರ್ ಎತ್ತಬೇಕಾದವನು ಪೈಲಟ್. ಎತ್ತದಿದ್ದರೆ, ಪಾಪದ ಯಂತ್ರ ಎತ್ತರ ಬಿಡಬಾರದೆಂದು ಮೂತಿ ಎತ್ತುತ್ತಲೇ ಹೋಗಿ ವೇಗವನ್ನೆಲ್ಲ ಕಳೆದುಕೊಳ್ಳುತ್ತಿತ್ತು.

ಆಮೇಲೆ ಹೊಸ ಹೆಲಿಕಾಪ್ಟರುಗಳು ಬಂದವು. ಅವುಗಳಲ್ಲಿ ಆಟೋಪೈಲಟ್ ಎಡಗೈಯ ಕೆಲಸವನ್ನೂ ಮಾಡುತ್ತಿತ್ತು. ಎತ್ತರ, ವೇಗ, ದಾರಿ ಎಲ್ಲ ಅದರದೇ. ಅದರ ಜೊತೆಗೇ ಕಂಪನಿಯ ಹೊಸ ಕಟ್ಟಳೆಯೂ ಬಂತು: ಕತ್ತಲಾದ ಮೇಲೆ ಯಾವ ಹೆಲಿಕಾಪ್ಟರ್ ಆದರೂ ಸರಿ, ರಿಗ್ಗಿನ ದೀಪಗಳು ಕಣ್ಣಿಗೆ ಸ್ಪಷ್ಟವಾಗಿ ಸಿಗುವ ತನಕ ಕೈಯಿಂದ ಹಾರಿಸುವಂತಿಲ್ಲ, ಆಟೋಪೈಲಟ್ಟೇ ಹಿಡಿದಿರಬೇಕು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಕತ್ತಲ ಸಮುದ್ರದ ಮೇಲೆ ನೀರು ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಒಂದೇ ಒಂದು ದೀಪದ ಗುಂಪನ್ನು ದಿಟ್ಟಿಸಿ ಹೋಗುವವನಿಗೆ ತಾನು ಇಳಿಯುತ್ತಿದ್ದೇನೋ ನಿಂತಿದ್ದೇನೋ ಎಂಬುದೇ ಮರೆಯುತ್ತದೆ. ಮೈ ಸುಳ್ಳು ಹೇಳುತ್ತದೆ.

ಹತ್ತಿ ಸಾರ್ ಎದುರಾಡಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ತರಬೇತಿಯ ಕೋಣೆಯಲ್ಲಿ ಟ್ರೈನರ್ ಹೊಸ ಗುಂಡಿಗಳನ್ನೆಲ್ಲ ತೋರಿಸಿ ಮುಗಿಸಿದಾಗ ಒಂದೇ ಪ್ರಶ್ನೆ ಕೇಳಿದರು. ಟ್ರೈನರ್ ಅವರ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಹಳೆಯ ಗೆಳೆಯ, ತಲೆ ಪೂರ್ತಿ ಬೋಳು.

"ಎಲ್ಲಾ ಅದೇ ಮಾಡುತ್ತೆ ಅಂದ್ರೆ, ನಾನೇನು ಮಾಡ್ಲಿ?"

"ನೋಡ್ತಾ ಇರು."

"ನೋಡ್ತಾ ಇರೋಕೆ ಸಿನಿಮಾನಾ?"

"ಸಿನಿಮಾದಲ್ಲಿ ನಿದ್ದೆ ಬಂದ್ರೆ ನಡೆಯುತ್ತೆ. ಇಲ್ಲಿ ನಡೆಯಲ್ಲ. ಅಷ್ಟೇ ವ್ಯತ್ಯಾಸ," ಎಂದ ಟ್ರೈನರ್.

ಹೊಸ ಹೆಲಿಕಾಪ್ಟರುಗಳು ಎಲ್ಲರಿಗೂ ಸಾಲುವಷ್ಟು ಬಂದಿರಲಿಲ್ಲ. ಹಾಗಾಗಿ ಕೆಲವು ತಿಂಗಳು ಅವರು ಒಂದು ದಿನ ಹೊಸತು, ಇನ್ನೊಂದು ದಿನ ಹಳೆಯದು ಎಂದು ಎರಡನ್ನೂ ಹಾರಿಸಿದರು. ಮನೆಗೆ ಬಂದವರು ಊಟದ ತಟ್ಟೆಯ ಮುಂದೆ ಕುಳಿತು ಎಡಗೈಯನ್ನು ತೊಡೆಯ ಮೇಲೆ ಇಡುವುದು, ಎತ್ತುವುದು, ಮತ್ತೆ ಇಡುವುದು ಮಾಡುತ್ತಿದ್ದರು. ಅವರ ಹೆಂಡತಿ ಪೇಟೆಯಲ್ಲಿ ಸಣ್ಣದೊಂದು ಕನ್ನಡಕದ ಅಂಗಡಿ ನಡೆಸುತ್ತಿದ್ದಾಕೆ, ಗಂಡನ ಕೈ ನೋಡಿ ನೋಡಿ ಸಾಕಾಗಿ ಕೇಳಿದರು.

"ಏನ್ರೀ ಅದು, ಕೈಯಲ್ಲಿ ಸೊಳ್ಳೆ ಹಿಡೀತಿದ್ದೀರಾ?"

"ಇಲ್ವೇ. ಒಂದ್ರಲ್ಲಿ ಇದು ಕೆಲ್ಸ ಮಾಡ್ಬೇಕು, ಇನ್ನೊಂದ್ರಲ್ಲಿ ಸುಮ್ನಿರ್ಬೇಕು. ಕೈಗೆ ಅರ್ಥ ಆಗ್ಬೇಕಲ್ಲ."

"ತಲೆಗೆ ಅರ್ಥ ಆಗಿದ್ಯಾ?"

"ತಲೆಗೆ ಆಗಿದೆ," ಎಂದರು. ಆ ಮಾತಿನ ಬಗ್ಗೆ ಆಗ ಅವರಿಗೆ ಅನುಮಾನವಿರಲಿಲ್ಲ.

ಚಳಿಗಾಲದ ಒಂದು ಸಂಜೆ. ಕತ್ತಲು ಬೇಗ ಕವಿಯುವ ದಿನಗಳು. ಕೆಲವು ದಿನ ಸತತವಾಗಿ ಹೊಸದನ್ನೇ ಹಾರಿಸಿದ ಮೇಲೆ ಆವತ್ತು ಹತ್ತಿ ಸಾರ್ ಪಾಲಿಗೆ ಹಳೆಯದು ಬಂದಿತ್ತು. ಪಕ್ಕದ ಸೀಟಿನಲ್ಲಿ ಸಹಪೈಲಟ್ ಪಿಸು. ಆಕೆಯ ದನಿ ಎಷ್ಟು ಮೆಲುವೆಂದರೆ ರೇಡಿಯೋದವರು ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರು. ಅದಕ್ಕೇ ಆ ಹೆಸರು. ಕೆಲಸದಲ್ಲಿ ಚುರುಕು. ಹತ್ತಿ ಸಾರ್ ಜೊತೆ ಹಾರುವುದೆಂದರೆ ಆಕೆಗೆ ಪಾಠ ಕೇಳಿದಷ್ಟು ಇಷ್ಟ. ಹಿಂದಿನ ಸೀಟುಗಳಲ್ಲಿ ಪಾಳಿಗೆ ಹೊರಟ ಕೆಲಸಗಾರರು, ಅರ್ಧ ಜನ ಆಗಲೇ ತೂಕಡಿಸುತ್ತಿದ್ದರು.

ರಿಗ್ ಹತ್ತಿರವಾದಂತೆ ಮಂಜು ಕಾಣಿಸಿಕೊಂಡಿತು. ರೇಡಾರಿನ ಪರದೆಯಲ್ಲಿ ರಿಗ್ ಒಂದು ಚುಕ್ಕೆ, ಗಾಜಿನ ಹೊರಗೆ ಏನೂ ಇಲ್ಲ. ನಿಯಮದಂತೆ ಆಟೋಪೈಲಟ್ ಹೆಲಿಕಾಪ್ಟರನ್ನು ನೀರಿನ ಕಡೆಗೆ ಇಳಿಸುತ್ತಾ ಬಂತು. ನಿಗದಿಯಾದ ಎತ್ತರಕ್ಕೆ ಬಂದಾಗ ಹತ್ತಿ ಸಾರ್ ಗುಂಡಿ ಒತ್ತಿದರು. ಯಂತ್ರ ಇಳಿಯುವುದು ಬಿಟ್ಟು ಮಟ್ಟಸವಾಯಿತು. ಇನ್ನು ದೀಪ ಕಂಡರೆ ಇಳಿಯುವುದು, ಕಾಣದಿದ್ದರೆ ಮೇಲೇರಿ ಹೋಗುವುದು. ಅವರು ಕತ್ತು ಚಾಚಿ ಗಾಜಿನಾಚೆ ದೀಪ ಹುಡುಕತೊಡಗಿದರು.

ಇಳಿಯುವಾಗ ತಗ್ಗಿಸಿದ್ದ ಎಡಗೈಯ ಲಿವರ್ ತಗ್ಗಿದಲ್ಲೇ ಇತ್ತು. ಮಟ್ಟಸವಾದ ಕೂಡಲೇ ಅದನ್ನು ಎತ್ತಬೇಕಿತ್ತು. ಹೊಸ ಹೆಲಿಕಾಪ್ಟರ್ ಆಗಿದ್ದರೆ ತಾನಾಗಿ ಎತ್ತಿಕೊಳ್ಳುತ್ತಿತ್ತು. ಇದು ಹಳೆಯದು. ಮೂತಿ ಸ್ವಲ್ಪ ಮೇಲೆದ್ದಿತು. ವೇಗ ಕುಗ್ಗಿತು. ಮೂತಿ ಇನ್ನಷ್ಟು ಎದ್ದಿತು.

"ಸ್ಪೀಡ್," ಎಂದಳು ಪಿಸು.

ಹತ್ತಿ ಸಾರ್‌ಗೆ ಅದು ಕೇಳಿಸಿತು. ಕೇಳಿಸಿದ್ದು ಅವರಿಗೆ ಇಂದಿಗೂ ನೆನಪಿದೆ. ಮುಳ್ಳನ್ನು ನೋಡಿದ್ದೂ ನೆನಪಿದೆ. ವೇಗ ಕಡಿಮೆ ಇದೆ, ಸರಿ, ಅದು ಸರಿಮಾಡಿಕೊಳ್ಳುತ್ತೆ ಎಂದುಕೊಂಡದ್ದು ನೆನಪಿದೆ. ಆ 'ಅದು' ಯಾವುದು ಎಂದು ಮಾತ್ರ ಆ ಗಳಿಗೆಯಲ್ಲಿ ಅವರು ಕೇಳಿಕೊಳ್ಳಲಿಲ್ಲ.

"ಸರ್, ಸ್ಪೀಡ್."

ಹೆಲಿಕಾಪ್ಟರಿನ ಮೈ ನಡುಗಿತು. ಹಿಂದೆ ಯಾರೋ ನಿದ್ದೆಯಲ್ಲಿ ಗೊಣಗಿದರು. ಕಾಲಡಿಯ ಕತ್ತಲಿನಲ್ಲಿ ಬಿಳಿಯ ನೊರೆಯಂಥದ್ದು ಏನೋ ಸರಿದಂತಾಯಿತು, ಅದು ಇರಬೇಕಾದ್ದಕ್ಕಿಂತ ಹತ್ತಿರವಿತ್ತು. ಅಷ್ಟರಲ್ಲಿ ಲಿವರ್ ಮೇಲೆದ್ದಿತು. ಎಂಜಿನ್ ಅರಚಿತು, ಯಂತ್ರ ಒಮ್ಮೆ ತೂರಾಡಿ, ಮೂತಿ ತಗ್ಗಿಸಿ, ವೇಗ ಹಿಡಿದು ಮೇಲೇರಿತು. ಮಂಜಿನ ಮೇಲೆ ಬಂದಾಗ ನಕ್ಷತ್ರಗಳಿದ್ದವು.

"ಈಗ ನೀನು ಹಾರಿಸಮ್ಮ," ಎಂದರು ಹತ್ತಿ ಸಾರ್.

ಎರಡನೆಯ ಸಲ ಪಿಸು ಹಾರಿಸಿದಳು, ಅವರು ಮುಳ್ಳುಗಳನ್ನು ಜೋರಾಗಿ ಓದಿದರು. ದೀಪಗಳು ಕಂಡವು. ಅವಳು ಇಳಿಸಿದಳು. ಕೆಲಸಗಾರರು ಚೀಲಗಳನ್ನು ಎತ್ತಿಕೊಂಡು ಇಳಿಯುವಾಗ ಒಬ್ಬ ಪೈಪ್ ಕೆಲಸದವನು ಕಿಟಕಿಯ ಬಳಿ ಬಗ್ಗಿ, ಹೆಬ್ಬೆರಳು ತೋರಿಸಿ ಕೂಗಿದ: "ಎಷ್ಟು ಮೆತ್ತಗೆ ಇಳಿಸಿದ್ರಿ ಸಾರ್. ಗೊತ್ತೇ ಆಗ್ಲಿಲ್ಲ." ಹತ್ತಿ ಸಾರ್ ಕೈ ಎತ್ತಿದರು. ಪಿಸುವಿನ ಕಡೆಗೆ ತೋರಿಸಬೇಕೆಂದುಕೊಂಡರು, ಅಷ್ಟರಲ್ಲಿ ಅವನು ಹೋಗಿಯಾಗಿತ್ತು.

ದಡಕ್ಕೆ ಬಂದ ಮೇಲೆ ಅವರೇ ನೇರವಾಗಿ ಸುರಕ್ಷತಾ ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದರು. ಆ ಅಧಿಕಾರಿ ಗದರುವ ಜಾತಿಯಲ್ಲ. ಪ್ರತಿ ಮಾತನ್ನೂ ತೂಗಿ ಆಡುವ ಹೆಂಗಸು. ಹೆಲಿಕಾಪ್ಟರಿನ ದಾಖಲೆಪೆಟ್ಟಿಗೆಯಲ್ಲಿದ್ದದ್ದನ್ನು ತೆಗೆಸಿ, ಟ್ರೈನರನ್ನೂ ಪಿಸುವನ್ನೂ ಹತ್ತಿ ಸಾರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಗೋಡೆಯ ಪರದೆಯ ಮೇಲೆ ಆಟಿಕೆಯಂಥ ಹೆಲಿಕಾಪ್ಟರ್, ಕೆಳಗೆ ಗೆರೆಗಳು. ಒಂದು ಗೆರೆ ವೇಗದ್ದು, ಅದು ಜಾರುತ್ತಾ ಬಂತು. ಇನ್ನೊಂದು ಲಿವರಿನದು, ಅದು ಎಳೆದ ದಾರದಂತೆ ನೇರವಾಗಿತ್ತು. ಆಮೇಲೆ ಒಮ್ಮೆಗೇ ಮೇಲಕ್ಕೆ ಚಿಮ್ಮಿತು.

"ಇಲ್ಲಿ ಲಿವರ್ ಎಳೆದದ್ದು ಯಾರು?" ಎಂದು ಅಧಿಕಾರಿ ಕೇಳಿದರು.

"ನಾನು," ಎಂದರು ಹತ್ತಿ ಸಾರ್.

"ನಾನು," ಎಂದಳು ಪಿಸು, ಅದೇ ಗಳಿಗೆಯಲ್ಲಿ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಹೆಲಿಕಾಪ್ಟರಿನಲ್ಲಿ ಇಬ್ಬರಿಗೂ ಒಂದೊಂದು ಲಿವರ್ ಇರುತ್ತದೆ, ಎರಡೂ ಒಳಗೆ ಜೋಡಿಸಿಕೊಂಡಿರುತ್ತವೆ. ಒಂದು ಎದ್ದರೆ ಇನ್ನೊಂದೂ ಏಳುತ್ತದೆ. ಎದ್ದದ್ದು ಯಾವಾಗ ಎಂದು ಪೆಟ್ಟಿಗೆ ಹೇಳುತ್ತದೆ, ಎತ್ತಿದ್ದು ಯಾವ ಕೈ ಎಂದು ಹೇಳುವುದಿಲ್ಲ. ಧ್ವನಿಮುದ್ರಣದಲ್ಲಿ ಎರಡನೆಯ 'ಸ್ಪೀಡ್' ಆದ ಮೇಲೆ ಯಾರದೂ ಮಾತಿಲ್ಲ. ಹಿಡಿತ ಬದಲಾಗುವಾಗ ಹೇಳಬೇಕಾದ 'ನಾನು ತಗೊಂಡೆ' ಎಂಬ ಮಾತನ್ನು ಅವಳೂ ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ನನ್ನ ಕೈಗೆ ನೆನಪಿದೆ," ಎಂದರು ಹತ್ತಿ ಸಾರ್. "ಲಿವರ್ ಮೇಲೆ ಬಂದದ್ದು ನೆನಪಿದೆ."

"ನಾನು ಎಳೆದಿದ್ರೂ ನಿಮ್ಮ ಕೈಯಲ್ಲಿ ಅದು ಮೇಲೆ ಬರ್ತಿತ್ತಲ್ಲ ಸರ್." ಪಿಸು ಇದನ್ನು ವಾದಕ್ಕಾಗಿ ಹೇಳಲಿಲ್ಲ. ಅವಳಿಗೂ ಗೊಂದಲವೇ. "ಆದ್ರೆ ನನಗೂ ಹಾಗೇ ಆಗಿರಬಹುದು. ನೀವು ಎಳೆದದ್ದನ್ನ ನಾನು ಎಳೆದೆ ಅಂದ್ಕೊಂಡಿರಬಹುದು."

ಅಧಿಕಾರಿ ಅವಳನ್ನು ಕೇಳಿದರು. "ವೇಗ ಕಡಿಮೆ ಆಗ್ತಿರೋದನ್ನ ನೀವು ಮೊದಲು ನೋಡಿದ್ದು ಯಾವಾಗ?"

ಅವಳು ಪರದೆಯ ಬಳಿಗೆ ಹೋಗಿ ಗೆರೆಯ ಮೇಲೆ ಬೆರಳಿಟ್ಟಳು. ಅವಳು ಮಾತಾಡಿದ ಜಾಗಕ್ಕಿಂತ ಅದು ಬಹಳ ಹಿಂದೆ ಇತ್ತು.

"ಇಲ್ಲೇ ನೋಡಿದ್ರೂ ಯಾಕೆ ಹೇಳ್ಲಿಲ್ಲ?"

"ಸರ್ ಹಾರಿಸ್ತಿದ್ದಾರಲ್ಲ," ಎಂದಳು. ದನಿ ಇನ್ನೂ ತಗ್ಗಿತ್ತು. "ಬೇಕಂತಲೇ ನಿಧಾನ ಮಾಡ್ತಿದ್ದಾರೆ ಅಂದ್ಕೊಂಡೆ. ಹಾಗೆ ಮೆತ್ತಗೆ ಇಳಿಸೋಕೆ ಅವರದೇನೋ ಒಂದು ವಿಧಾನ ಇರುತ್ತೆ ಅಂತ. ನೋಡಿ ಕಲಿಯೋಣ ಅಂತ ಸುಮ್ಮನಿದ್ದೆ."

ಹತ್ತಿ ಸಾರ್ ಪರದೆಯ ಮೇಲಿದ್ದ ಅವಳ ಬೆರಳನ್ನೇ ನೋಡಿದರು. ತಪ್ಪು ಮಾಡಿದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು, ಅದನ್ನು ನುಂಗಿಕೊಂಡೇ ಬಂದಿದ್ದರು. ಆದರೆ ಇದನ್ನು ಏನೆಂದು ತಿಳಿಯಬೇಕು? ಇಷ್ಟು ವರ್ಷ ಚೆನ್ನಾಗಿ ಇಳಿಸಿದ್ದೇ ಅವಳ ಬಾಯಿ ಕಟ್ಟಿತೇ? ಕೆಟ್ಟ ಪೈಲಟ್ ಆಗಿದ್ದರೆ ಅವಳು ಮೊದಲೇ ಕೂಗಿಕೊಳ್ಳುತ್ತಿದ್ದಳೇ? ಯಂತ್ರ ಮಾಡುತ್ತದೆಂದು ಅವರು ಕಾದರು, ಅವರು ಮಾಡುತ್ತಾರೆಂದು ಅವಳು ಕಾದಳು. ಯಂತ್ರವಾದರೋ ಹೇಳಿದ ಮಾತು ಕೇಳಿಕೊಂಡು ನಿಯತ್ತಾಗಿ ಎತ್ತರ ಕಾಯುತ್ತಾ ಕುಳಿತಿತ್ತು.

ಆ ವಾರ ಅವರಿಗೆ ಹಾರಾಟವಿರಲಿಲ್ಲ. ಬೆಳಗ್ಗೆ ಎದ್ದು ಹೆಂಡತಿಯ ಅಂಗಡಿಗೆ ಹೋಗಿ ಕೂರುತ್ತಿದ್ದರು. ಗಾಜಿನ ಕಪಾಟುಗಳನ್ನು ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಒಂದು ಮಧ್ಯಾಹ್ನ ಗಿರಾಕಿ ಯಾರೂ ಇಲ್ಲದಾಗ ಹೆಂಡತಿಯನ್ನು ಕೇಳಿದರು.

"ಒಂದು ಕೆಲ್ಸ ಮಾಡಿದ್ದು ಸ್ಪಷ್ಟವಾಗಿ ನೆನಪಿರುತ್ತೆ, ಆದ್ರೆ ಮಾಡಿರಲ್ಲ. ಹಾಗಾಗುತ್ತಾ?"

"ಆಗದೇ ಏನು. ಅಂಗಡಿ ಬಾಗಿಲಿಗೆ ಬೀಗ ಹಾಕಿದ್ದು ನೆನಪಿರುತ್ತೆ. ಅರ್ಧ ದಾರಿಯಿಂದ ವಾಪಸ್ ಬಂದು ನೋಡಿದ್ರೆ ಬೀಗ ಮೇಜಿನ ಮೇಲಿರುತ್ತೆ."

"ಮಾಡಿಯೂ ಇದ್ರೆ?"

"ಆಗ ಬೀಗ ಬಾಗಿಲಲ್ಲಿರುತ್ತೆ. ನೋಡಿದ್ರೆ ಗೊತ್ತಾಗುತ್ತೆ."

"ಇದು ನೋಡಿದ್ರೂ ಗೊತ್ತಾಗಲ್ಲ ಕಣೇ. ಬೀಗ ಬಿದ್ದಿದೆ. ಹಾಕಿದ್ದು ಯಾರು ಅಂತ ಗೊತ್ತಿಲ್ಲ."

ಆಕೆ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟರು. "ಬಿದ್ದಿದೆಯಲ್ಲ, ಸಾಕು ಅಂತ ನನಗನ್ನಿಸುತ್ತೆ. ಹದಿನಾಲ್ಕು ಜನ ರಿಗ್ಗಿಗೆ ಮುಟ್ಟಿದ್ರು. ನೀವೂ ಮನೆಗೆ ಬಂದ್ರಿ." ಆಮೇಲೆ, "ನಿಮಗೆ ಸಾಕಾಗಲ್ಲ, ಅದೂ ನನಗೆ ಗೊತ್ತು," ಎಂದರು.

ಸಾಕಾಗಲಿಲ್ಲ. ಟ್ರೈನರನ್ನು ಕಾಡಿ ಬೇಡಿ, ಪಿಸುವನ್ನೂ ಒಪ್ಪಿಸಿ, ಆ ಸಂಜೆಯನ್ನು ಸಿಮ್ಯುಲೇಟರಿನಲ್ಲಿ ಮತ್ತೆ ನಡೆಸಿ ನೋಡಬೇಕೆಂದು ಹಟ ಹಿಡಿದರು. ನಿಜವಾದ ಹೆಲಿಕಾಪ್ಟರಿನ ಮೂತಿಯಂಥ ಗೂಡು ಅದು, ನೆಲದ ಮೇಲೇ ನಿಂತು ಅಲುಗುತ್ತದೆ, ಗಾಜಿನಾಚೆ ಚಿತ್ರದ ಸಮುದ್ರ. ಟ್ರೈನರ್ ಹಿಂದೆ ಕುಳಿತು ಅದೇ ಮಂಜು, ಅದೇ ಕತ್ತಲು, ಅದೇ ಹಳೆಯ ಆಟೋಪೈಲಟ್ ಹೂಡಿಕೊಟ್ಟ. "ಏನಾಯ್ತೋ ಹಾಗೇ ಮಾಡಿ. ಜಾಣತನ ಬೇಡ," ಎಂದ.

ಇಳಿದರು. ಮಟ್ಟಸವಾಯಿತು. ಮೂತಿ ಎದ್ದಿತು.

"ಸ್ಪೀಡ್," ಎಂದಳು ಪಿಸು.

ಹತ್ತಿ ಸಾರ್ ಮುಳ್ಳು ನೋಡಿದರು. ಕೈ ಲಿವರಿನ ಮೇಲಿತ್ತು. ಈ ಸಲ ಅವಳ ಕೈ ಮೊದಲು ಬರುತ್ತದೋ ನೋಡೋಣ ಎಂದು ಅವರ ಮನಸ್ಸು ಕಾಯುತ್ತಿತ್ತು.

"ಸರ್, ಸ್ಪೀಡ್."

ಅವಳೂ ಕಾಯುತ್ತಿದ್ದಳು. ಗೂಡು ನಡುಗಿತು. ಒಬ್ಬರ ಕೈಯನ್ನೊಬ್ಬರು ಕಣ್ಣಂಚಿನಲ್ಲಿ ನೋಡುತ್ತಿರುವಾಗಲೇ ಗಾಜಿನ ತುಂಬ ಬೂದುಬಣ್ಣದ ನೀರು ಎದ್ದು ಬಂದು ಚಿತ್ರ ನಿಂತುಹೋಯಿತು. ಎಂಜಿನ್ನಿನ ಸದ್ದು ಕಡಿದಂತೆ ನಿಂತಿತು. ಗೂಡಿನ ಫ್ಯಾನ್ ಒಂದೇ ಗುಂಯ್‌ಗುಡುತ್ತಿತ್ತು.

ಟ್ರೈನರ್ ಹಿಂದಿನಿಂದ ಹೇಳಿದ. "ಸರಿ, ಇಬ್ಬರೂ ಮುಳುಗಿದ್ರಿ. ಬನ್ನಿ, ಟೀ ಕುಡಿಯೋಣ."

ಪಿಸು ನಕ್ಕಳು. ನಗು ನಿಲ್ಲಿಸಲಾಗದೆ ಕಣ್ಣು ಒರೆಸಿಕೊಂಡಳು, ಆಮೇಲೆ ಅದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಹತ್ತಿ ಸಾರ್ ಬೆಲ್ಟ್ ಬಿಚ್ಚುವುದನ್ನು ಮರೆತು ಏಳಲು ಹೋಗಿ ಮತ್ತೆ ಸೀಟಿಗೆ ಬಿದ್ದರು.

ಕ್ಯಾಂಟೀನಿನಲ್ಲಿ ಮೂವರೂ ಕುಳಿತರು. ಟೀ ಆರುತ್ತಿತ್ತು.

"ಇದರಿಂದ ಏನು ಗೊತ್ತಾಯ್ತು?" ಎಂದು ಕೇಳಿದರು ಹತ್ತಿ ಸಾರ್.

"ಆವತ್ತು ಯಾರು ಎಳೆದ್ರು ಅನ್ನೋದು ಗೊತ್ತಾಗ್ಲಿಲ್ಲ," ಎಂದ ಟ್ರೈನರ್. "ಅದನ್ನ ಬಿಟ್ಟುಬಿಡು ಮಾರಾಯ. ಅದು ಗೊತ್ತಾದ್ರೂ ನಾಳೆಗೆ ಏನೂ ಉಪಯೋಗ ಇಲ್ಲ."

"ನನಗೆ ಉಪಯೋಗ ಇದೆ. ನಾನು ಎಳೆದಿದ್ರೆ ನನ್ನ ಕೈ ಇನ್ನೂ ಇದೆ. ಎಳೀದೇ ಇದ್ರೆ ಇಲ್ಲ."

"ಕೈ ಇದೆ ಸರ್," ಎಂದಳು ಪಿಸು. "ಕೈ ಯಾವ ಹೆಲಿಕಾಪ್ಟರಿನಲ್ಲಿದೆ ಅನ್ನೋದೇ ಆವತ್ತು ಅದಕ್ಕೆ ಗೊತ್ತಿರಲಿಲ್ಲ."

ಅದು ಸಮಾಧಾನದ ಮಾತೋ ಚುಚ್ಚುಮಾತೋ ಅವರಿಗೆ ಹೊಳೆಯಲಿಲ್ಲ. ಅವಳ ಮುಖ ನೋಡಿದರು. ಚುಚ್ಚುವ ಮುಖವಾಗಿರಲಿಲ್ಲ.

ಅಧಿಕಾರಿಯ ತೀರ್ಮಾನ ಬಂತು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಇನ್ನುಮುಂದೆ ಒಬ್ಬ ಪೈಲಟ್‌ಗೆ ಒಂದೇ ಬಗೆಯ ಹೆಲಿಕಾಪ್ಟರ್, ಎರಡನ್ನೂ ಬೆರೆಸುವಂತಿಲ್ಲ. ವೇಗವೋ ಎತ್ತರವೋ ತಪ್ಪಿದ್ದನ್ನು ಕಂಡವರು ಹೇಳಬೇಕು, ಹಾರಿಸುತ್ತಿರುವವರು ಬಾಯಿಬಿಟ್ಟು ಉತ್ತರ ಕೊಡಬೇಕು, ಉತ್ತರ ಬರದಿದ್ದರೆ ಕಂಡವರೇ ಹೇಳಿ ಹಿಡಿತ ತೆಗೆದುಕೊಳ್ಳಬೇಕು. ಹತ್ತಿ ಸಾರ್‌ಗೆ ಹೊಸ ಹೆಲಿಕಾಪ್ಟರನ್ನೇ ಕೊಟ್ಟರು. ಹಗಲಿನ ಹಾರಾಟ ಮಾತ್ರ ಬೇಕಾದರೆ ಹಾಗೂ ಮಾಡಿಕೊಡುತ್ತೇವೆ ಎಂದರು. ಅವರು ಎರಡು ದಿನ ಯೋಚಿಸಿ, ಬೇಡ, ಎಲ್ಲರಂತೆಯೇ ಇರಲಿ ಎಂದರು. ಧೈರ್ಯದಿಂದ ಹಾಗೆಂದೆನೋ ನಾಚಿಕೆಯಿಂದಲೋ ಎಂದು ಹೆಂಡತಿಯನ್ನು ಕೇಳಿದರು. ಆಕೆ, "ನನ್ನನ್ನ ಕೇಳಿದ್ರೆ?" ಎಂದು ದೀಪ ಆರಿಸಿದರು.

ಮತ್ತೆ ಕತ್ತಲಲ್ಲಿ ಹೊರಟ ಮೊದಲ ಸಂಜೆ ಪಿಸುವೇ ಜೊತೆಗಿದ್ದಳು, ಅವಳೇ ಕೇಳಿ ಹಾಕಿಸಿಕೊಂಡಿದ್ದಳು. ಗಾಳಿ ಬಲವಾಗಿತ್ತು, ಮಂಜಿರಲಿಲ್ಲ. ಯಂತ್ರ ತಾನಾಗಿ ಇಳಿಯಿತು, ತಾನಾಗಿ ಮಟ್ಟಸವಾಯಿತು. ಹತ್ತಿ ಸಾರ್ ಕೈಯಡಿಯಲ್ಲಿ ಲಿವರ್ ಯಾರೂ ಮುಟ್ಟದೆ ಮೇಲೆದ್ದು ಬಂತು.

"ವೇಗ ಸರಿ, ಎತ್ತರ ಸರಿ," ಎಂದಳು ಪಿಸು, ಎಂದಿಗಿಂತ ಜೋರಾಗಿ.

"ಲಿವರ್ ಯಂತ್ರ ಎತ್ತಿತು. ನಾನಲ್ಲ," ಎಂದರು ಅವರು. ಹಾಗೆ ಹೇಳಬೇಕೆಂಬ ನಿಯಮವಿರಲಿಲ್ಲ.

ರಿಗ್ಗಿನ ದೀಪಗಳು ಕಂಡವು. ಮೊದಲು ಹಳದಿ ಮಬ್ಬು, ಆಮೇಲೆ ಕಂಬಗಳು, ಮೆಟ್ಟಿಲು, ಹಸಿರು ದೀಪಗಳ ಉಂಗುರ. ಅವರು ಬೆರಳನ್ನು ಆಟೋಪೈಲಟ್ ಬಿಡಿಸುವ ಗುಂಡಿಯ ಮೇಲಿಟ್ಟರು. ಮುಂಚೆಯಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲವೂ ಕೈಯಲ್ಲಿರುತ್ತಿತ್ತು. ಇನ್ನೂ ಸ್ವಲ್ಪ ಬರಲಿ ಎಂದು ತಡೆದರು. ತಡೆದದ್ದು ವಿವೇಕವೋ ಅಂಜಿಕೆಯೋ ವಿಂಗಡಿಸಲು ಆಗ ಹೊತ್ತಿರಲಿಲ್ಲ.

"ನಾನು ತಗೊಂಡೆ," ಎಂದು ಸ್ಪಷ್ಟವಾಗಿ ಹೇಳಿ ಗುಂಡಿ ಒತ್ತಿದರು.

"ನೀವು ತಗೊಂಡ್ರಿ," ಎಂದಳು ಪಿಸು.

ಭಾರ ಎರಡೂ ಕೈಗಳಿಗೆ ಬಂದಿತು. ಗಾಳಿ ಪಕ್ಕದಿಂದ ತಳ್ಳಿತು, ಅವರು ತಡೆದು ನಿಲ್ಲಿಸಿದರು, ಇಳಿಸಿದರು. ರಿಗ್ಗಿನ ಕೆಲಸದವರು ಬಾಗಿಲು ತೆರೆದರು. ತಣ್ಣನೆಯ ಗಾಳಿಯ ಜೊತೆ ಡೀಸೆಲ್ ವಾಸನೆ ಒಳಗೆ ಬಂತು. ಜನ ಇಳಿಯತೊಡಗಿದರು.

"ಹೇಗನ್ನಿಸ್ತು ಸರ್?" ಎಂದು ಕೇಳಿದಳು ಪಿಸು.

ಹತ್ತಿ ಸಾರ್ ಎಡಗೈಯನ್ನು ಲಿವರಿನಿಂದ ತೆಗೆದರು.

"ಇನ್ನೂ ಗೊತ್ತಾಗ್ಲಿಲ್ಲಮ್ಮ. ವಾಪಸ್ ಹೋಗುವಾಗ ನೀನು ಹಾರಿಸು. ನಾನು ನೋಡ್ತೀನಿ, ನೋಡಿದ್ದನ್ನೆಲ್ಲ ಹೇಳ್ತೀನಿ. ಕಿರಿಕಿರಿ ಅನ್ನಿಸಿದ್ರೆ ತಡ್ಕೋ."

"ಹೇಳಿ ಸರ್," ಎಂದು ಅವಳು ಕೈಗವಸು ಎಳೆದುಕೊಂಡಳು. ಹಿಂದೆ, ದಡಕ್ಕೆ ಹೋಗುವವರು ಚೀಲಗಳನ್ನು ಒಳಗೆ ಎಸೆಯುತ್ತಾ, ಕಿಟಕಿಯ ಸೀಟಿಗಾಗಿ ತಳ್ಳಾಡುತ್ತಾ ಹತ್ತುತ್ತಿದ್ದರು.